ಪಿಕಪ್ ಕ್ಯಾಂಪರ್ ಬ್ಯಾಟ್ರಿಗೆ ಸೋಲಾರು, ಡೈನಮೋ ಎರಡನ್ನೂ ಒಟ್ಟಿಗೆ ಕೊಡಬಹುದಾ?

ಜೇನುಗಾಡಿ ದಾವಣಗೆರೆ

ಎಲ್ರಿಗೂ ನಮಸ್ಕಾರ ರೀ. ನಮ್ದು ಜೇನು ಸಾಕಾಣಿಕೆ. ಪೆಟ್ಟಿಗೆ ಒಂದೇ ಕಡೆ ಇಟ್ರೆ ನಡಿಯಲ್ಲ, ಹೂವು ಎಲ್ಲೈತಿ ಅಲ್ಲಿಗೆ ಹೋಗ್ಬೇಕು, ಹಿರಿಯೂರು ಚಳ್ಳಕೆರೆ ಕಡೆ ಸೂರ್ಯಕಾಂತಿ ಬಿಟ್ಟಾಗ ಹೊಲದ ಬದುವಿನ ಮೇಲೇ ವಾರಗಟ್ಲೆ ಇರ್ತೀವಿ. ಪೆಟ್ಟಿಗೆ ಬಾಡಿಗೆ ಗಾಡೀಲಿ ಬರ್ತಾವು, ನಮ್ಮ ಪಿಕಪ್ ಹಿಂದೆ ಶೀಟ್ ಹೊಡೆಸಿ ಇಬ್ರು ಮಲಗೋ ಹಂಗೆ ಮಾಡ್ಕೊಂಡೀವಿ. ಅಪ್ಪನೂ ಜೊತೆಗೆ ಬರ್ತಾರೆ, ಅವರ ಇನ್ಸುಲಿನ್ ಇಡೋಕೆ ಅಂತಾನೇ 12 ವೋಲ್ಟ್ ಫ್ರಿಜ್ ತಗೊಂಡಿದ್ದು, ಅದು ಮಾತ್ರ ಒಂದು ರಾತ್ರಿನೂ ಆಫ್ ಆಗಂಗಿಲ್ಲ.

ಸದ್ಯ 150 ಎಎಚ್ (ಆಂಪ್ ಅವರ್) ಟ್ಯೂಬುಲರ್ ಅಂದ್ರೆ ಲೆಡ್ ಆಸಿಡ್ ಬ್ಯಾಟ್ರಿ, ಮೇಲೆ 330 ವ್ಯಾಟ್ ಪ್ಯಾನೆಲ್, ಪ್ಯಾನೆಲ್ ಕರೆಂಟನ್ನ ಬ್ಯಾಟ್ರಿಗೆ ಹೊಂದಿಸಿ ಕೊಡೋ ಎಂಪಿಪಿಟಿ ಕಂಟ್ರೋಲರ್ ಐತಿ. ಬೇಸಿಗೇಲಿ ಏನೂ ತೊಂದರೆ ಇಲ್ಲ, ಮೋಡ ಕಟ್ಟಿದ್ರೆ ಎರಡನೇ ದಿನಕ್ಕೆ ಬ್ಯಾಟ್ರಿ ಕೂತ್ಕೊಳ್ತದೆ. ಅದಕ್ಕೆ ಗಾಡಿ ಓಡುವಾಗ ಡೈನಮೋದಿಂದ್ಲೂ ಚಾರ್ಜ್ ಮಾಡೋಣ ಅಂತ. ಇಲ್ಲಿ ಒಬ್ರು ಎಲೆಕ್ಟ್ರಿಷಿಯನ್ನು ಎರಡೂ ಒಟ್ಟಿಗೆ ಕೊಟ್ರೆ ಒಂದರ ಕರೆಂಟು ಇನ್ನೊಂದಕ್ಕೆ ನುಗ್ಗಿ ಕಂಟ್ರೋಲರ್ ಸುಡ್ತದೆ, ಒಂದ್ಸಲಕ್ಕೆ ಒಂದೇ ಕೂಡೋ ಚೇಂಜ್‌ಓವರ್ ಸ್ವಿಚ್ ಹಾಕ್ಸು ಅಂತಾರೆ, ಇನ್ನೊಬ್ರು ಗಾಡಿ ಬ್ಯಾಟ್ರಿಯಿಂದ ಎರಡು ವೈರ್ ಎಳೆದ್ರೆ ಮುಗೀತು ಅಂತಾರೆ. ಯಾರ ಮಾತು ಕೇಳ್ಲಿ? ಗಾಡಿ ಬಿಎಸ್6, 12 ವೋಲ್ಟ್.

ದುರ್ಗದ ವೈರಿಂಗ್

ಇಬ್ರದ್ದೂ ಸರಿ ಇಲ್ಲ ಸರ್. ಚೇಂಜ್‌ಓವರ್ ಬೇಡ, ಬರೀ ಎರಡು ವೈರೂ ಬೇಡ.

ಎಂಪಿಪಿಟಿ ಕಂಟ್ರೋಲರ್ ಬ್ಯಾಟ್ರಿ ವೋಲ್ಟೇಜ್ ನೋಡ್ಕೊಂಡು ಕರೆಂಟ್ ಕೊಡುತ್ತೆ ಅಷ್ಟೇ, ಪಕ್ಕದಲ್ಲಿ ಇನ್ನೊಂದು ಚಾರ್ಜರ್ ಐತೋ ಇಲ್ವೋ ಅನ್ನೋದು ಅದಕ್ಕೆ ಬೇಕಾಗಿಲ್ಲ. ಎರಡೂ ಒಂದೇ ಬ್ಯಾಟ್ರಿಗೆ ಸೇರಿದ್ರೆ ಕರೆಂಟು ಕೂಡ್ತದೆ, ಸೋಲಾರ್‌ದು 15, ಡೈನಮೋದು 25 ಅಂದ್ರೆ ಒಟ್ಟು 40 ಆಂಪ್ಸ್. ಒಂದು ಕೆರೆಗೆ ಎರಡು ಹಳ್ಳದ ನೀರು ಬಂದಂಗೆ. ಎರಡರ ಸೆಟ್ಟಿಂಗೂ ಒಂದೇ ಇರ್ಲಿ, ಟ್ಯೂಬುಲರ್‌ಗೆ ಅಬ್ಸಾರ್ಪ್ಶನ್ (ತುಂಬಿಸೋ ವೋಲ್ಟೇಜ್) 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡೋ ವೋಲ್ಟೇಜ್) 13.6 ಹತ್ರ, ನಿಮ್ಮ ಬ್ಯಾಟ್ರಿ ಕಂಪನಿ ಬೇರೆ ಬರೆದಿದ್ರೆ ಅದನ್ನೇ ಇಡಿ. ಆದ್ರೆ 150ರ ಟ್ಯೂಬುಲರ್‌ಗೆ ಒಟ್ಟು 30 ದಾಟಿಸ್ಬೇಡಿ, ಅದರ ಹತ್ತರಿಂದ ಇಪ್ಪತ್ತು ಪರ್ಸೆಂಟೇ ಲೆಕ್ಕ, ಅದಕ್ಕೇ ಡೈನಮೋ ಕಡೆ ಡಿಸಿ ಟು ಡಿಸಿ ಚಾರ್ಜರ್ (ಗಾಡಿಯ ವೋಲ್ಟೇಜನ್ನ ಹಿಂದಿನ ಬ್ಯಾಟ್ರಿಗೆ ಬೇಕಾದಷ್ಟಕ್ಕೆ ತಂದು ಕೊಡೋದು) 20 ಆಂಪ್ಸ್‌ದು ಸಾಕು. ಮಧ್ಯಾಹ್ನ ಎರಡೂ ಜೋರಾಗಿ ಬರೋ ಹೊತ್ತಿಗೆ ಬ್ಯಾಟ್ರಿ ಮುಕ್ಕಾಲು ತುಂಬಿದ್ರೆ ಅದೇ ಕಮ್ಮಿ ಎಳ್ಕೊಳ್ತದೆ.

ಈಗ ಮುಖ್ಯ ವಿಷಯ. ಲೆಡ್ ಬ್ಯಾಟ್ರಿ ಮುಕ್ಕಾಲು ಭಾಗ ಬೇಗ ತುಂಬುತ್ತೆ, ಕೊನೇದು ಇಪ್ಪತ್ತು ಪರ್ಸೆಂಟ್ ತುಂಬೋಕೆ ಗಂಟೆಗಟ್ಲೆ ಬೇಕು, ಅಲ್ಲಿ ನೀವು ಎಷ್ಟು ದೊಡ್ಡ ಡೈನಮೋ ಇಟ್ರೂ ಬ್ಯಾಟ್ರಿ ತಗೊಳ್ಳಲ್ಲ. ಆ ಕೆಲಸಕ್ಕೆ ಇಂಜಿನ್ ಓಡಿಸೋದು ಡೀಸಲ್ ಸುಟ್ಟಂಗೆ. ನೀವು ಜೇನಿನವರು, ಹುಳ ಗೂಡು ಸೇರಿದ ಮೇಲೆ ರಾತ್ರೀನೇ ಸಾಗಿಸ್ತೀರಲ್ವಾ, ಆಗ ಪ್ಯಾನೆಲ್ ಹೆಂಗೂ ಸುಮ್ನಿರುತ್ತೆ. ದಾವಣಗೆರೆಯಿಂದ ಹಿರಿಯೂರು ನೂರು ಕಿಲೋಮೀಟರ್ ಹತ್ರ, ಹೈವೇನಾಗೆ ಎರಡು ಗಂಟೆ ಅಂದ್ರೂ 20 ಆಂಪ್ಸ್ ಚಾರ್ಜರ್ 40 ಎಎಚ್ ಹಾಕಿರುತ್ತೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಉಳಿದಿದ್ದನ್ನ ಪ್ಯಾನೆಲ್ ನಿಧಾನಕ್ಕೆ ತುಂಬ್ತಾ ಕೂತಿರುತ್ತೆ. ಲೆಡ್ ಬ್ಯಾಟ್ರಿ ಪೂರ್ತಿ ತುಂಬದೆ ಪದೇ ಪದೇ ಅರ್ಧಕ್ಕೇ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಹೋಗುತ್ತೆ, ನಿಮ್ಮದು ಎರಡನೇ ದಿನಕ್ಕೆ ಕೂರ್ತಿರೋದ್ರಲ್ಲಿ ಅದೂ ಸ್ವಲ್ಪ ಸೇರಿರಬಹುದು.

ಲೋಡ್ ಎಷ್ಟು ಅಂತ ಬರೀರಿ.

ಜೇನುಗಾಡಿ ದಾವಣಗೆರೆ

ಫ್ರಿಜ್ 45 ವ್ಯಾಟ್, ಅರ್ಧ ಹೊತ್ತು ಓಡ್ತದೆ ಅನ್ಕೋರಿ. ಬಿಎಲ್‌ಡಿಸಿ ಫ್ಯಾನ್ 25 ವ್ಯಾಟ್, ರಾತ್ರಿಯೆಲ್ಲಾ ಬೇಕು. ಒಂದೆರಡು ಲೈಟು, ಮೊಬೈಲ್ ಚಾರ್ಜಿಂಗು. ಅಷ್ಟೇ ರೀ.

ಬಿಸಿಲು ಚಳ್ಳಕೆರೆ

ಫ್ರಿಜ್‌ಗೆ ದಿನಕ್ಕೆ 45 ಎಎಚ್, ಫ್ಯಾನ್‌ಗೆ 20, ಉಳಿದಿದ್ದಕ್ಕೆ 5, ಹತ್ರ ಹತ್ರ 70 ಆಯ್ತು. 150 ಟ್ಯೂಬುಲರ್‌ನಾಗೆ ನೆಮ್ಮದಿಯಾಗಿ ಬಳಸೋಕೆ ಸಿಗೋದು ಅರ್ಧ, 75. ಅಲ್ಲಿಗೆ ಒಂದು ದಿನಕ್ಕೆ ಸರಿ ಹೋಯ್ತು ನೋಡಿ, ಬ್ಯಾಟ್ರಿ ಕೆಟ್ಟಿರ್ಲೇಬೇಕು ಅಂತೇನಿಲ್ಲ. ನಮ್ಮ ಕಡೆ ಒಳ್ಳೆ ಬಿಸಿಲಿಗೆ 330 ಪ್ಯಾನೆಲ್ ಮಲಗಿಸಿ ಹಾಕಿದ್ರೂ ದಿನಕ್ಕೆ 80, 90 ಎಎಚ್ ಬರುತ್ತೆ, ಆಷಾಢದ ಮೋಡಕ್ಕೆ ಅದರ ಅರ್ಧಾನೂ ಬರದ ದಿನ ಇರ್ತವೆ.

ಒಂದು ವಿಷಯ ಕೇಳ್ಲೇಬೇಕು, ಗಾಡಿ ಮರದ ಕೆಳಗೆ ನಿಲ್ಲಿಸ್ತೀರಾ? ಹೊಲದಾಗೆ ಇರೋರು ಎಲ್ರೂ ನೆರಳು ಹುಡುಕ್ತಾರೆ, ತಪ್ಪಲ್ಲ, ಆದ್ರೆ ಪ್ಯಾನೆಲ್ ಮೂಲೆಗೆ ಒಂದು ಕೊಂಬೆ ನೆರಳು ಬಿದ್ರೂ ಕರೆಂಟ್ ಸಿಕ್ಕಾಪಟ್ಟೆ ಬೀಳುತ್ತೆ. ಪ್ಯಾನೆಲ್ ಬಿಚ್ಚೋ ಹಂಗೆ ಕ್ಲ್ಯಾಂಪ್ ಮಾಡ್ಸಿ, ಗಾಡಿ ನೆರಳಲ್ಲಿ ನಿಲ್ಲಿಸಿ, ಪ್ಯಾನೆಲ್ ಮಾತ್ರ ಹತ್ತು ಮೀಟರ್ ಆಚೆ ಬಿಸಿಲಿಗೆ ಒರಗಿಸಿ ಇಡಿ. ಆ ಪ್ಯಾನೆಲ್ 37 ವೋಲ್ಟ್ ಹತ್ರ ಕೊಡೋದ್ರಿಂದ 4 ಸ್ಕ್ವೇರ್ ಎಂಎಂ ಸೋಲಾರ್ ವೈರ್‌ನಾಗೆ ಹತ್ತು ಮೀಟರ್‌ಗೆ ಒಂದು ವೋಲ್ಟ್ ಕೂಡ ಲಾಸ್ ಆಗಲ್ಲ. ಕಂಟ್ರೋಲರ್ ಮಾತ್ರ ಬ್ಯಾಟ್ರಿ ಪಕ್ಕದಲ್ಲೇ ಇರ್ಲಿ.

ಇನ್ನು ಡೈನಮೋಗೆ ಡಿಸಿ ಟು ಡಿಸಿ ಚಾರ್ಜರ್ ಅಂತ ಖರ್ಚು ಯಾಕೆ? ಟ್ಯೂಬುಲರ್‌ಗೆ ವೋಲ್ಟೇಜ್ ನೋಡಿ ಸೇರೋ ರಿಲೇ ಸಾಕಲ್ವಾ? ಇಂಜಿನ್ ಸ್ಟಾರ್ಟ್ ಆಗಿ 13.3 ವೋಲ್ಟ್ ದಾಟಿದ್ರೆ ಎರಡೂ ಬ್ಯಾಟ್ರೀನ ಕೂಡಿಸುತ್ತೆ, 12.8ಕ್ಕೆ ಬಿಡುತ್ತೆ, ಗಾಡಿ ಬ್ಯಾಟ್ರಿ ಖಾಲಿ ಆಗೋ ಭಯಾನೂ ಇಲ್ಲ.

ದುರ್ಗದ ವೈರಿಂಗ್

ಹಳೇ ಗಾಡಿ ಆಗಿದ್ರೆ ನಾನೂ ರಿಲೇ ಅಂತಿದ್ದೆ ಅಣ್ಣ. ಬಿಎಸ್6 ಗಾಡಿ ಸುಮಾರರಲ್ಲಿ ಇಸಿಯು (ಇಂಜಿನ್ ಕಂಪ್ಯೂಟರ್) ಡೈನಮೋ ವೋಲ್ಟೇಜ್ ಇಳಿಸ್ತಾ ಏರಿಸ್ತಾ ಇರುತ್ತೆ, ಗಾಡಿ ಬ್ಯಾಟ್ರಿ ತುಂಬಿತು ಅಂದ್ರೆ 12.8, 13ಕ್ಕೆ ತಂದು ಬಿಡುತ್ತೆ. ಆಗ ರಿಲೇ ಬಿಟ್ಟೋಗುತ್ತೆ, ಇಲ್ಲಾ ಕೂಡಿದ್ರೂ ಹಿಂದಿನ ಬ್ಯಾಟ್ರಿಗೆ ಏನೂ ಹೋಗಲ್ಲ. ಜೊತೆಗೆ ಅಷ್ಟು ಉದ್ದದ ವೈರಲ್ಲಿ ಅರ್ಧ ವೋಲ್ಟ್ ಬಿದ್ರೆ ಮುಗೀತು, ಡಿಸಿ ಟು ಡಿಸಿ ಆದ್ರೆ 12.5 ಬಂದ್ರೂ 14.4 ಮಾಡಿ ಕೊಡುತ್ತೆ.

ಜೇನುಗಾಡಿ ಸರ್, ಸುಮ್ನೆ ಖರ್ಚು ಮಾಡೋ ಮುಂಚೆ ಮಲ್ಟಿಮೀಟರ್ ಒಂದು ಗಾಡಿ ಬ್ಯಾಟ್ರಿಗೆ ಹಿಡಿದು ನೋಡಿ, ಸ್ಟಾರ್ಟ್ ಮಾಡಿದ ತಕ್ಷಣ ಒಂದ್ಸಲ, ಅರ್ಧ ಗಂಟೆ ಓಡಿಸಿ ಇಂಜಿನ್ ಆಫ್ ಮಾಡದೆ ಇನ್ನೊಂದ್ಸಲ. ಎರಡೂ ಸಲ 14 ಮೇಲೇ ನಿಂತಿದ್ರೆ ಚಳ್ಳಕೆರೆ ಅಣ್ಣ ಹೇಳಿದ ರಿಲೇನೇ ಹಾಕ್ಸಿ.

ಇನ್ನೊಂದು ಕೈ ಮುಗಿದು ಹೇಳ್ತೀನಿ, ಟ್ಯೂಬುಲರ್ ಬ್ಯಾಟ್ರಿ ಅಪ್ಪಾಜಿ ಮಲಗೋ ಮಂಚದ ಕೆಳಗೆ ಇಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಆಸಿಡ್ ಹೊಗೆ ಬೇರೆ. ಹೊರಗಡೆ ಚಾಸಿಸ್ ಪಕ್ಕ ಬಾಕ್ಸ್ ಮಾಡ್ಸಿ, ಇಲ್ಲಾ ಒಳಗೇ ಇಡ್ಬೇಕು ಅಂದ್ರೆ ಬಾಕ್ಸ್ ಪೂರ್ತಿ ಮುಚ್ಚಿ ಮೇಲಿಂದ ಒಂದು ಪೈಪ್ ಹೊರಗೆ ಬಿಡಿ.

ಲಾರಿ ರೂಟ್ 48

ನಮ್ದು 24 ವೋಲ್ಟ್ ಲಾರಿ, ಕ್ಯಾಬಿನ್‌ನಾಗೆ ಮಲಗೋಕೆ ಇದೇ ಥರ ಒಂದು 12 ವೋಲ್ಟ್ ಲಿಥಿಯಂ ಇಡ್ಬೇಕು ಅಂತ ಐತೆ. ಇರೋ ಎರಡು ಬ್ಯಾಟ್ರೀಲಿ ಒಂದರಿಂದ 12 ತಗೊಂಡ್ರೆ ಆಗಲ್ವಾ? ಸುಮಾರು ಜನ ಟೇಪ್ ರೆಕಾರ್ಡರ್ ಹಂಗೇ ಹಾಕಿರ್ತಾರೆ.

ದುರ್ಗದ ವೈರಿಂಗ್

ಬೇಡ ಅಣ್ಣ. ಎರಡೂ ಸೀರೀಸ್‌ನಾಗೆ ಇರೋದ್ರಿಂದ ಡೈನಮೋ ಇಬ್ಬರಿಗೂ ಒಂದೇ ಕರೆಂಟ್ ಕೊಡುತ್ತೆ, ನೀವು ಒಂದರಿಂದ ಮಾತ್ರ ಎಳೆದ್ರೆ ಅದು ಯಾವಾಗ್ಲೂ ಅರೆಹೊಟ್ಟೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದಿಸುತ್ತೆ, ಎರಡೂ ಹಾಳು. 24ರಿಂದ 12ಕ್ಕೆ ಇಳಿಸೋ ಡಿಸಿ ಟು ಡಿಸಿ ಚಾರ್ಜರ್ ಬೇರೇನೇ ಬರುತ್ತೆ, ಲಿಥಿಯಂ ಸೆಟ್ಟಿಂಗ್ ಇರೋದು ತಗೊಳ್ಳಿ. ಲಿಥಿಯಂನ ಡೈನಮೋಗೆ ನೇರ ಕೊಡೋದಂತೂ ಬೇಡ್ವೇ ಬೇಡ. ಅದು ಕೊಟ್ಟಷ್ಟೂ ಎಳೆಯುತ್ತೆ, ಐಡ್ಲಿಂಗ್‌ನಾಗೆ ಡೈನಮೋ ಫ್ಯಾನ್ ನಿಧಾನ ಇರೋದ್ರಿಂದ ತಣ್ಣಗಾಗದೆ ವೈಂಡಿಂಗ್ ಸುಡುತ್ತೆ. ಮತ್ತೆ ಬಿಎಂಎಸ್ (ಲಿಥಿಯಂ ಬ್ಯಾಟ್ರಿ ಒಳಗಿನ ಕಾವಲು ಸರ್ಕ್ಯೂಟ್) ಯಾವಾಗಾದ್ರೂ ಸಡನ್ನಾಗಿ ಕಟ್ ಮಾಡಿದ್ರೆ ವೋಲ್ಟೇಜ್ ಮೇಲಕ್ಕೆ ಚಿಮ್ಮಿ ಡೈನಮೋ ಡಯೋಡ್ ಹೋಗಬಹುದು.

ಜೇನುಗಾಡಿ ದಾವಣಗೆರೆ

ಮೀಟರ್ ಹಿಡಿದು ನೋಡ್ದೆ ರೀ. ಸ್ಟಾರ್ಟ್ ಮಾಡಿದಾಗ 14.3 ಇತ್ತು, ಹರಿಹರದ ತನಕ ಹೋಗಿ ನೋಡಿದ್ರೆ 12.9ಕ್ಕೆ ಬಂದಿತ್ತು. ಹಂಗಾದ್ರೆ ಡಿಸಿ ಟು ಡಿಸಿನೇ ಹಾಕಿಸ್ತೀನಿ, 20 ಆಂಪ್ಸ್‌ದು. ಬ್ಯಾಟ್ರಿ ಬಾಕ್ಸ್ ಹೊರಗೆ ಮಾಡೋಕೆ ವೆಲ್ಡಿಂಗ್‌ನವರಿಗೆ ಹೇಳಿ ಬಂದೀನಿ. ಬಾನೆಟ್‌ನಿಂದ ಹಿಂದಿನ ಬ್ಯಾಟ್ರಿಗೆ ವೈರ್ ಐದು ಮೀಟರ್ ಆಗ್ತದೆ, 6 ಸ್ಕ್ವೇರ್ ಮನೇಲಿ ಉಳಿದೈತಿ, ನಡೀತದಾ? ಫ್ಯೂಸ್ ಎಲ್ಲಿ ಹಾಕ್ಬೇಕು?

ದುರ್ಗದ ವೈರಿಂಗ್

6 ಬೇಡ, ಹೋಗಿ ಬರೋದು ಸೇರಿ ಹತ್ತು ಮೀಟರ್ ಆಗುತ್ತೆ, ಚಾರ್ಜರ್ ಒಳಗೆ 25 ಆಂಪ್ಸ್ ತಗೊಂಡ್ರೆ ಮುಕ್ಕಾಲು ವೋಲ್ಟ್ ದಾರೀಲೇ ಹೋಗುತ್ತೆ. 16 ಸ್ಕ್ವೇರ್ ಕಾಪರ್ ಎಳೀರಿ, ಕಾಲು ವೋಲ್ಟ್ ಹತ್ರ ನಿಲ್ಲುತ್ತೆ. ವೈರ್ ತುದಿಯ ಲಗ್ ಹೈಡ್ರಾಲಿಕ್ ಕ್ರಿಂಪರ್‌ನಾಗೆ ಒತ್ತಿಸಿ, ಪ್ಲೈಯರ್‌ನಾಗೆ ಒತ್ತಿದ್ದು ನಮ್ಮ ರೋಡಿನ ಅಲುಗಾಟಕ್ಕೆ ಸಡಿಲ ಆಗಿ ಬಿಸಿ ಆಗುತ್ತೆ. ಫ್ಯೂಸ್ ಎರಡು ಕಡೆ, ಎರಡೂ ಬ್ಯಾಟ್ರಿಯ ಪಾಸಿಟಿವ್‌ನಿಂದ ಗೇಣುದ್ದದ ಒಳಗೆ, 40 ಆಂಪ್ಸ್‌ದು. ವೈರ್ ಚಾಸಿಸ್ ಪಕ್ಕ ಹೋಗೋ ಕಡೆ ಫ್ಲೆಕ್ಸಿಬಲ್ ಪೈಪ್ ಒಳಗೆ ಹಾಕಿ, ಸೈಲೆನ್ಸರ್‌ನಿಂದ ದೂರ ಇರ್ಲಿ. ಚಾರ್ಜರ್‌ನ ಇಗ್ನಿಷನ್ ವೈರ್ ಕೀಗೆ ಕೊಡೋದು ಮರೀಬೇಡಿ, ಇಲ್ಲಾಂದ್ರೆ ಗಾಡಿ ನಿಂತಾಗ್ಲೂ ಮುಂದಿನ ಬ್ಯಾಟ್ರಿಯಿಂದ ಎಳೀತಾನೇ ಇರುತ್ತೆ, ಬೆಳಿಗ್ಗೆ ಹೊಲದಾಗೆ ಸ್ಟಾರ್ಟ್ ಆಗಲ್ಲ.