ಬಾವಿಗೆ ಬೀಳುವ ಕೊಡ, ತಿರುಗುವ ಉರುಳೆ: 40 ಎಂಬ ಉತ್ತರ ಹೇಗೆ ಬಂತು?

ಪ್ರಶ್ನೆ (ಪ್ರಥಮ ಪಿಯು ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ಬಾವಿಯ ಮೇಲೆ ಅಡ್ಡಲಾಗಿ ಕೂರಿಸಿದ ಘನ ಸಿಲಿಂಡರ್ ಆಕಾರದ ಉರುಳೆಯೊಂದರ ದ್ರವ್ಯರಾಶಿ 6 ಕೆಜಿ, ತ್ರಿಜ್ಯ 0.2 ಮೀಟರ್. ಅದಕ್ಕೆ ಸುತ್ತಿದ ಹಗುರವಾದ ಹಗ್ಗದ ತುದಿಯಲ್ಲಿ 12 ಕೆಜಿಯ ತುಂಬಿದ ಕೊಡವಿದೆ. ಕೈಬಿಟ್ಟರೆ ಕೊಡ ಯಾವ ವೇಗೋತ್ಕರ್ಷದಿಂದ ಕೆಳಗಿಳಿಯುತ್ತದೆ ಎಂಬುದು ಲೆಕ್ಕ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದೆ. ಕೊಡದ ತೂಕ 120 ನ್ಯೂಟನ್, ಆದ್ದರಿಂದ ಟಾರ್ಕ್ (ತಿರುಗಿಸುವ ಪರಿಣಾಮ, ಬಲ × ತ್ರಿಜ್ಯ) 120 × 0.2 = 24. ಉರುಳೆಯ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ಒಡ್ಡುವ ಜಡತ್ವ, ಘನ ಸಿಲಿಂಡರ್‌ಗೆ ½ × ದ್ರವ್ಯರಾಶಿ × ತ್ರಿಜ್ಯದ ವರ್ಗ) ½ × 6 × 0.04 = 0.12. ಭಾಗಿಸಿದರೆ ಕೋನೀಯ ವೇಗೋತ್ಕರ್ಷ (ತಿರುಗುವ ವೇಗ ಹೆಚ್ಚುವ ದರ) 200, ಅದನ್ನು ತ್ರಿಜ್ಯದಿಂದ ಗುಣಿಸಿದರೆ 40 ಮೀ/ಸೆ². ಯಾವ ಆಧಾರವೂ ಇಲ್ಲದೆ ಬಿದ್ದ ಕೊಡಕ್ಕೇ 10 ಇರುವಾಗ, ಉರುಳೆಯನ್ನು ಎಳೆದುಕೊಂಡು ಬೀಳುವ ಕೊಡಕ್ಕೆ 40 ಬರುವುದು ಅಸಾಧ್ಯವೆಂದು ತಿಳಿಯುತ್ತದೆ, ಆದರೆ ತಪ್ಪು ಯಾವ ಸಾಲಿನಲ್ಲಿದೆ ಎಂಬುದು ತಿಳಿಯುತ್ತಿಲ್ಲ.

ಉತ್ತರ 1 (ಭೌತವಿಜ್ಞಾನ ಉಪನ್ಯಾಸಕಿ)

ಉತ್ತರ ಅಸಾಧ್ಯವೆಂದು ನಿಮಗೇ ಅನ್ನಿಸಿದ್ದು ಒಳ್ಳೆಯ ಲಕ್ಷಣ. ಹೆಚ್ಚಿನವರು 40 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದುಬಿಡುತ್ತಾರೆ. ತಪ್ಪಿರುವುದು ಟಾರ್ಕ್‌ನ ಸಾಲಿನಲ್ಲಿ. ಉರುಳೆಯನ್ನು ಮುಟ್ಟುತ್ತಿರುವುದು ಕೊಡವಲ್ಲ, ಹಗ್ಗ. ಆದ್ದರಿಂದ ಅದನ್ನು ತಿರುಗಿಸುವುದು ಹಗ್ಗದ ಎಳೆತ, ಅಂದರೆ ಟೆನ್ಷನ್. ಆ ಎಳೆತ 120 ನ್ಯೂಟನ್ನೇ ಆಗಿದ್ದರೆ ಕೊಡದ ಮೇಲಿನ ಒಟ್ಟು ಬಲ ಸೊನ್ನೆಯಾಗಿ, ಕೈಬಿಟ್ಟ ಕೊಡ ಅಲ್ಲೇ ತೂಗುತ್ತಿರಬೇಕಿತ್ತು. ಕೊಡ ವೇಗ ಹೆಚ್ಚಿಸಿಕೊಂಡು ಇಳಿಯುತ್ತಿದೆ ಎಂದರೆ ಎಳೆತ ತೂಕಕ್ಕಿಂತ ಕಡಿಮೆಯಿದೆ ಎಂದೇ ಅರ್ಥ.

ಕೊಡಕ್ಕೂ ಉರುಳೆಗೂ ಬೇರೆ ಬೇರೆ ಚಿತ್ರ ಬರೆಯಿರಿ. ಕೊಡಕ್ಕೆ: 120 − ಎಳೆತ = 12 × ವೇಗೋತ್ಕರ್ಷ. ಉರುಳೆಗೆ: ಎಳೆತ × 0.2 = 0.12 × ಕೋನೀಯ ವೇಗೋತ್ಕರ್ಷ. ಹಗ್ಗ ಜಾರದಿರುವುದರಿಂದ ಕೊಡದ ವೇಗೋತ್ಕರ್ಷ ಕೋನೀಯ ವೇಗೋತ್ಕರ್ಷದ 0.2 ರಷ್ಟು; ಇದನ್ನು ಬಳಸಿದರೆ ಎರಡನೆಯ ಸಮೀಕರಣ ‘ಎಳೆತ = 3 × ವೇಗೋತ್ಕರ್ಷ’ ಎಂದಾಗುತ್ತದೆ. ಮೊದಲನೆಯದರಲ್ಲಿ ಇಟ್ಟರೆ 120 = 15 × ವೇಗೋತ್ಕರ್ಷ. ಉತ್ತರ 8 ಮೀ/ಸೆ², ಎಳೆತ 24 ನ್ಯೂಟನ್.

ಫ್ಲೈವೀಲ್‌ಗೆ (ಅಕ್ಷದ ಮೇಲೆ ತಿರುಗುವ ಭಾರವಾದ ಚಕ್ರ) ಸುತ್ತಿದ ದಾರವನ್ನು 25 ನ್ಯೂಟನ್ ಬಲದಿಂದ ಎಳೆಯುವ ಪಠ್ಯದ ಲೆಕ್ಕವನ್ನು ನೀವು ಮಾಡಿರಬಹುದು. ಅಲ್ಲಿ ಎಳೆತವನ್ನೇ ನೇರವಾಗಿ ಕೊಟ್ಟಿರುವುದರಿಂದ ನಿಮ್ಮ ವಿಧಾನ ಸರಿ. ಇಲ್ಲೂ ಕೊಡದ ಬದಲು ಯಾರಾದರೂ ಹಗ್ಗವನ್ನು ಸತತವಾಗಿ 120 ನ್ಯೂಟನ್ ಬಲದಿಂದ ಎಳೆದಿದ್ದರೆ 40 ಎಂಬುದೇ ಸರಿಯುತ್ತರ.

ಉತ್ತರ 2 (ನಿವೃತ್ತ ಶಿಕ್ಷಕ)

ಮೇಡಂ ಅವರ ಮಾತಿಗೆ ಒಂದು ಸೇರ್ಪಡೆ. ವಿದ್ಯಾರ್ಥಿಯ 24 ಎಂಬ ಟಾರ್ಕ್ ಪೂರ್ತಿ ನಿರುಪಯೋಗಿಯಲ್ಲ. ಉರುಳೆ ಮತ್ತು ಕೊಡ ಎರಡನ್ನೂ ಸೇರಿಸಿ ಒಂದೇ ವ್ಯವಸ್ಥೆ ಎಂದುಕೊಂಡರೆ ಹಗ್ಗದ ಎಳೆತ ಒಳಗಿನ ಬಲವಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಅಕ್ಷದ ಸುತ್ತ ಹೊರಗಿನ ಟಾರ್ಕ್ ನಿಜವಾಗಿಯೂ 24 ಆಗುತ್ತದೆ. ಆದರೆ ಆಗ ಆ 24 ಕೊಡವನ್ನೂ ಓಡಿಸಬೇಕು: 0.12 ಕ್ಕೆ ಕೊಡದ ಪಾಲಾದ 12 × 0.04 = 0.48 ನ್ನು ಕೂಡಿಸಬೇಕು. 24 ನ್ನು 0.60 ಯಿಂದ ಭಾಗಿಸಿದರೆ 40 ರೇಡಿಯನ್/ಸೆ², ಅಂದರೆ ಅದೇ 8 ಮೀ/ಸೆ². ಟಾರ್ಕ್ ಬರೆಯುವಾಗ ಕೊಡವನ್ನು ಒಳಗೆ ಕರೆದು, ಇನರ್ಷಿಯಾ ಬರೆಯುವಾಗ ಹೊರಗೆ ಕಳಿಸಿದ್ದೇ ತಪ್ಪು.

ಶಕ್ತಿಯ ಲೆಕ್ಕದಿಂದಲೂ ತಾಳೆ ನೋಡಬಹುದು. 9 ಮೀಟರ್ ಇಳಿದಾಗ ವೇಗ 12 ಮೀ/ಸೆ. ಕಳೆದುಕೊಂಡ ಸ್ಥಿತಿಶಕ್ತಿ 1080 ಜೂಲ್. ಅದರಲ್ಲಿ 864 ಕೊಡದ ಚಲನೆಗೆ, 216 ಉರುಳೆಯ ತಿರುಗುವಿಕೆಗೆ. ಎಳೆತ ಎಷ್ಟೆಂದು ಮಾತ್ರ ಈ ದಾರಿಯಲ್ಲಿ ನೇರವಾಗಿ ಸಿಗುವುದಿಲ್ಲ. (ನಮ್ಮ ಮನೆಗಳ ಬಾವಿಯ ರಾಟೆ ಈ ಉರುಳೆಯಲ್ಲ, ಅದರ ಮೇಲೆ ಹಗ್ಗ ಹಾದುಹೋಗುತ್ತದೆಯೇ ಹೊರತು ಸುತ್ತಿಕೊಂಡಿರುವುದಿಲ್ಲ.)

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 3 ಕೆಜಿಯ ಖಾಲಿ ಕೊಡಕ್ಕೆ ಮಾಡಿ ನೋಡಿದೆ: ವೇಗೋತ್ಕರ್ಷ 5, ಎಳೆತ 15 ನ್ಯೂಟನ್. ತುಂಬಿದ ಕೊಡದಲ್ಲಿ ಎಳೆತ ತೂಕದ ಐದನೇ ಒಂದು ಭಾಗವಿತ್ತು, ಇಲ್ಲಿ ಅರ್ಧದಷ್ಟಿದೆ. ಕೊಡ ಹಗುರಾದಂತೆ ಈ ಪಾಲು ಏಕೆ ಹೆಚ್ಚುತ್ತದೆ?

ಉತ್ತರ 3 (ಭೌತವಿಜ್ಞಾನ ಉಪನ್ಯಾಸಕಿ)

ಲೆಕ್ಕ ಸರಿಯಿದೆ. ‘ಎಳೆತ = 3 × ವೇಗೋತ್ಕರ್ಷ’ ಎಂಬುದರ ಅರ್ಥವೇ, ಈ ಉರುಳೆ ಹಗ್ಗಕ್ಕೆ 3 ಕೆಜಿಯ ಜಡವಸ್ತುವಿನಂತೆ ಭಾಸವಾಗುತ್ತದೆ ಎಂದು. ಎಳೆತವನ್ನು ತೂಕದಿಂದ ಭಾಗಿಸಿದರೆ ಸಿಗುವುದು, 3 ನ್ನು ಕೊಡದ ರಾಶಿ ಮತ್ತು 3 ರ ಮೊತ್ತದಿಂದ ಭಾಗಿಸಿದ ಸಂಖ್ಯೆ. ಕೊಡ ಹಗುರಾದಷ್ಟೂ ಅದು ನಿಧಾನವಾಗಿ ವೇಗ ಪಡೆಯುತ್ತದೆ, ಎಳೆತ ತೂಕದ ಸಮೀಪಕ್ಕೆ ಬರುತ್ತದೆ. 100 ಗ್ರಾಂ ಕಟ್ಟಿ ನೋಡಿ: ಎಳೆತ ತೂಕದ ಸುಮಾರು ಶೇ. 97. ನಿಮ್ಮ ಮೊದಲಿನ ವಿಧಾನ ಅಲ್ಲಿ ವೇಗೋತ್ಕರ್ಷ 0.33 ಮೀ/ಸೆ² ಎಂದು ಕೊಡುತ್ತದೆ, ಸರಿಯಾದದ್ದು 0.32. ಭಾರವಾದ ಚಕ್ರಕ್ಕೆ ಸಣ್ಣ ತೂಕ ಕಟ್ಟಿ ಮಾಡುವ ಪ್ರಯೋಗದಲ್ಲಿ ಈ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುವುದು ಇದೇ ಕಾರಣಕ್ಕೆ.