ಪ್ರಾರ್ಥನೆ ಪುಸ್ತಕ ಇಡೋದು ಹೇಗೆ, ಸಕ್ಕರೆ ಕಾಯಿಲೆ ಇದ್ದವರು ಉಪವಾಸ ಮಾಡಬಹುದಾ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ): ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ಮಗನ ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ. ದಿನಾ ಪ್ರಾರ್ಥನೆ ಮಾಡ್ತೀವಿ, ಉತ್ತರ ಬಂತೋ ಇಲ್ವೋ ಅಂತಾನೇ ತಿಳಿಯಲ್ಲ. ಪುಸ್ತಕದಲ್ಲಿ ಬರೆದಿಡಿ ಅಂದ್ರು ಒಬ್ರು. ಯಜಮಾನರು ಮೂರು ದಿನ ಉಪವಾಸ ಪ್ರಾರ್ಥನೆ ಮಾಡ್ತೀನಿ ಅಂತಿದ್ದಾರೆ, ಅವರಿಗೆ ಶುಗರ್ ಇದೆ. ತಿಳಿದವರು ಹೇಳಿ.

ಹಾಸನ, ಸ್ತ್ರೀಯರ ಕೂಟ ನಡೆಸುವವರು: ಅಕ್ಕ, ಉದ್ದ ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ತಾರೀಖು ಮತ್ತು ಕೋರಿಕೆ, ಬಲಗಡೆ ಪುಟ ಉತ್ತರಕ್ಕೆ ಖಾಲಿ. ಎಲ್ಲರೂ ಎಡವೋದು ಕೋರಿಕೆ ಬರೆಯೋದ್ರಲ್ಲೇ. ‘ಮಗನಿಗೆ ಒಳ್ಳೇದಾಗಲಿ’ ಅಂತ ಬರೆದ್ರೆ ಉತ್ತರ ಬಂದ್ರೂ ಗುರುತು ಸಿಗಲ್ಲ. ‘ಈ ಕಂಪನಿಗೆ ಅರ್ಜಿ ಹಾಕಿದ್ದಾನೆ, ಇಂಟರ್‌ವ್ಯೂಗೆ ಕರೆಯಲಿ’ ಅಂತ ಬರೀರಿ. ಅದರ ಕೆಳಗೆ ಇನ್ನೊಂದು ಸಾಲು: ಇದಕ್ಕಾಗಿ ನಾವು ಮಾಡಬೇಕಾದ್ದು ಏನು. ಬೈಬಲಿನ ನೆಹೆಮೀಯ 4:9 ನೋಡಿ, ಯೆರೂಸಲೇಮಿನ ಗೋಡೆ ಕಟ್ಟೋರು ಪ್ರಾರ್ಥನೆಯನ್ನೂ ಮಾಡಿದ್ರು, ಕಾವಲನ್ನೂ ಇಟ್ರು. ಅರ್ಜಿಯನ್ನೇ ಹಾಕದೆ ಕೆಲಸ ಕೇಳೋ ಪ್ರಾರ್ಥನೆಗಳು ನಮ್ಮ ಕೂಟಗಳಲ್ಲಿ ಬೇಕಾದಷ್ಟಿವೆ.

ಒಂದೇ ದಿನ ನಲವತ್ತು ಹೆಸರು ಓದಬೇಡಿ, ಶಾಲೆಯ ಹಾಜರಿ ಕೂಗಿದ ಹಾಗಾಗುತ್ತೆ. ಸೋಮವಾರ ಮನೆಯವರು, ಮಂಗಳವಾರ ಕಾಯಿಲೆಯವರು, ಬುಧವಾರ ಸಾಲ-ಜಮೀನಿನ ವಿಷಯ, ಹೀಗೆ ಹಂಚಿಕೊಂಡು ದಿನಕ್ಕೆ ಏಳೆಂಟು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಬಲಗಡೆ ಪುಟ ತುಂಬಿಸಿ: ಆಯ್ತು, ಆಗಲಿಲ್ಲ, ಬೇರೆ ದಾರಿಯಲ್ಲಿ ಆಯ್ತು, ಕಾಯ್ತಿದೀವಿ. ‘ಆಗಲಿಲ್ಲ’ ಅನ್ನೋದಕ್ಕೂ ತಾರೀಖು ಹಾಕಲೇಬೇಕು. ಪೌಲ ತನ್ನ ಶರೀರದ ಮುಳ್ಳು ತೆಗೆಯಪ್ಪಾ ಅಂತ ಮೂರು ಸಾರಿ ಬೇಡಿದ, ಮುಳ್ಳು ಹೋಗಲಿಲ್ಲ. ಅದನ್ನ ಮುಚ್ಚಿಡದೆ 2 ಕೊರಿಂಥ 12ರಲ್ಲಿ ಬರೆದಿಟ್ಟಿದ್ದಾನೆ. ಸಿಕ್ಕಿದ್ದನ್ನ ಮಾತ್ರ ಬರೆದ್ರೆ ಅದು ಸಾಕ್ಷಿ ಹೇಳೋಕೆ ಆಗುತ್ತೆ, ನಿಮ್ಮ ಲೆಕ್ಕಕ್ಕೆ ಆಗಲ್ಲ. 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದ ಜಾರ್ಜ್ ಮುಲ್ಲರ್ ಕೂಡ ತಮ್ಮ ಪ್ರಾರ್ಥನೆಗಳನ್ನ ಹೀಗೇ ಬರೆದಿಡುತ್ತಿದ್ದರು.

ಚಿಕ್ಕಮಗಳೂರು, ನರ್ಸ್: ಉಪವಾಸದ ವಿಷಯ ಮಾತ್ರ ಹೇಳ್ತೀನಿ. ಯಜಮಾನರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೋತಿದ್ರೆ ಮೂರು ದಿನ ಬರೀ ನೀರಲ್ಲಿರೋದು ಬೇಡವೇ ಬೇಡ. ಔಷಧಿ ಒಳಗೆ ಕೆಲಸ ಮಾಡ್ತಾನೇ ಇರುತ್ತೆ, ಊಟ ಇರಲ್ಲ, ಸಕ್ಕರೆ ಇಳಿದುಬಿಡುತ್ತೆ. ಹಾಗಂತ ಔಷಧಿ ನಿಲ್ಲಿಸೋದೂ ಅಷ್ಟೇ ಅಪಾಯ. ಬೆವರು, ಕೈ ನಡುಕ, ತೊದಲು ಮಾತು ಬಂದ್ರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ರಾತ್ರಿ ಪ್ರಾರ್ಥನೆಯಲ್ಲಿ ಯಾರಾದ್ರೂ ನಡುಗಿದ್ರೆ ಅದನ್ನ ಪವಿತ್ರಾತ್ಮನ ಸ್ಪರ್ಶ ಅಂದುಕೊಂಡು ಸುಮ್ಮನಿರೋರು ಇದ್ದಾರೆ. ಶುಗರ್ ಇರೋರ ವಿಷಯದಲ್ಲಿ ಮೊದಲು ಮೀಟರ್.

ಊಟ ಬಿಡದೆಯೂ ಉಪವಾಸ ಮಾಡಬಹುದು: ಮಾಂಸ, ಟಿವಿ, ಮೊಬೈಲ್ ಬಿಡಲಿ. ಕಾಫಿ ಬಿಡೋದಾದ್ರೆ ಒಂದು ವಾರ ಮೊದಲೇ ಲೋಟ ಕಡಿಮೆ ಮಾಡ್ತಾ ಬರಲಿ, ಒಂದೇ ಸಲ ಬಿಟ್ರೆ ಒಂದು ದಿನದೊಳಗೆ ತಲೆನೋವು ಹಿಡಿಯುತ್ತೆ. ನಮ್ಮ ಊರಲ್ಲಿ ಊಟಕ್ಕಿಂತ ಅದೇ ದೊಡ್ಡ ತ್ಯಾಗ. ಉಳಿದ ಮಾಂಸದ ದುಡ್ಡು ಹಸಿದವರಿಗೆ ಹೋಗಲಿ, ಯೆಶಾಯ 58 ಕೇಳೋದು ಅದನ್ನೇ.

ಸಕಲೇಶಪುರ, ಕಥೋಲಿಕರು: ನಮ್ಮಲ್ಲೂ ಕಡ್ಡಾಯ ಉಪವಾಸ 18ರಿಂದ 59 ವಯಸ್ಸಿನವರಿಗೆ, ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಅವಕಾಶ ಇದೆ. ಕಾಯಿಲೆಯವರಿಗೆ ವಿನಾಯಿತಿ.

ನೊವೇನಾ (ಒಂದೇ ಕೋರಿಕೆಗೆ ಒಂಬತ್ತು ದಿನ ಮಾಡೋ ಪ್ರಾರ್ಥನೆ) ಮಾಡೋದಾದ್ರೆ ಒಂಬತ್ತು ದಿನವೂ ಒಂದೇ ಹೊತ್ತು ಇಟ್ಟುಕೊಳ್ಳಿ. ಕಾಫಿ ಕುಯ್ಲಿನ ಟೈಮಲ್ಲಿ ಸಂಜೆ ತೂಕ ಎಲ್ಲ ಮುಗಿದ ಮೇಲೆ ಅಂತ ಗೊತ್ತು ಮಾಡಿದ್ರೇ ನಡೆಯುತ್ತೆ. ಐದು ದಶಕದ (ಹತ್ತು ಹತ್ತು ಮಣಿಯ ಐದು ಸುತ್ತಿನ) ಜಪಸರ ಪ್ರಾರ್ಥನೆಗೆ ಇಪ್ಪತ್ತು ನಿಮಿಷ ಸಾಕು. ಒಂದು ದಿನ ತಪ್ಪಿದ್ರೆ ಶಾಪ ಏನೂ ತಟ್ಟಲ್ಲ, ಮುಂದುವರಿಸಿ. ‘ಒಂಬತ್ತು ಜನಕ್ಕೆ ಕಳಿಸದಿದ್ರೆ ಕೇಡು’ ಅನ್ನೋ ಮೆಸೇಜ್ ಬಂದ್ರೆ ಅಳಿಸಿಹಾಕಿ, ಅದು ನೊವೇನಾ ಅಲ್ಲ. ನಿಮ್ಮ ಕೋರಿಕೆಗಾಗಿ ಚರ್ಚಲ್ಲಿ ಪೂಜೆ (ಮಾಸ್) ಹೇಳಿಸೋಕೆ ಕೈಯಲ್ಲಿ ದುಡ್ಡಿಲ್ಲದಿದ್ರೂ ಫಾದರ್ ಹತ್ರ ಕೇಳಿ: ಬಡವರ ಕೋರಿಕೆಗೆ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಅಂತ ಧರ್ಮಸಭೆಯ ಕಾನೂನೇ (ವಿಧಿ 945) ಗುರುಗಳಿಗೆ ಬಲವಾಗಿ ಶಿಫಾರಸು ಮಾಡುತ್ತೆ.

ಬೇಲೂರು: ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಹಾಕೋ ಮುಂಚೆ ಮಗನನ್ನ ಒಂದು ಮಾತು ಕೇಳಿ. ಹೆಸರು, ಮಾರ್ಕ್ಸ್ ಕಾರ್ಡು, ಲ್ಯಾಬ್ ರಿಪೋರ್ಟ್ ಫೋಟೋ ಬೇಡ. ‘ಒಬ್ಬ ತಮ್ಮನಿಗೆ ಗುರುವಾರ ಇಂಟರ್‌ವ್ಯೂ’ ಅಂದ್ರೆ ಸಾಕು. ಇಷ್ಟು ಕಾಣಿಕೆ ಕಳಿಸಿ, ಇಷ್ಟು ದಿನದಲ್ಲಿ ಕೆಲಸ ಗ್ಯಾರಂಟಿ ಅನ್ನೋರು ಖಾಸಗಿಯಾಗಿ ಮೆಸೇಜ್ ಮಾಡಿದ್ರೆ ಬ್ಲಾಕ್ ಮಾಡಿ ಅಡ್ಮಿನ್‌ಗೆ ತಿಳಿಸಿ. ಫಲಿತಾಂಶ ಏನೇ ಬರಲಿ, ಗುಂಪಿಗೆ ಒಂದು ಸಾಲು ಹಾಕಿ. ಎಷ್ಟೋ ಜನ ಕೇಳೋದು ಕೇಳಿ ಆಮೇಲೆ ಸುದ್ದಿನೇ ಹೇಳಲ್ಲ, ಪ್ರಾರ್ಥನೆ ಮಾಡೋರು ತಿಂಗಳುಗಟ್ಟಲೆ ಅದೇ ಇಂಟರ್‌ವ್ಯೂಗೆ ಬೇಡ್ತಾ ಇರ್ತಾರೆ.