ಗಲ್ಫ್‌ನಿಂದ ಬಂದ ಬಿಳುಪಿನ ಕ್ರೀಮು ಹಚ್ಚಬಹುದೇ?

ಪ್ರಶ್ನೆ (ಸುರತ್ಕಲ್): ನಮಸ್ಕಾರ ಡಾಕ್ಟರ್ ಮೇಡಂ. ಅತ್ತಿಗೆ ದುಬೈಯಿಂದ ಬರುವಾಗ ನನಗೂ ಅಮ್ಮನಿಗೂ ಒಂದೊಂದು ಡಬ್ಬಿ ಕ್ರೀಮು ತಂದುಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಮುಖ ಬೆಳ್ಳಗಾಯಿತು, ಮದುವೆ ಮನೆಯಲ್ಲಿ ಎಲ್ಲರೂ ಅದರ ಹೆಸರು ಕೇಳುವವರೇ. ಈಗ ಮುಗಿಯುತ್ತಾ ಬಂದಿದೆ. ಮಂಗಳೂರಿನ ಒಂದು ಫ್ಯಾನ್ಸಿ ಅಂಗಡಿಯಲ್ಲಿಯೂ ಸಿಗುತ್ತದಂತೆ, ಕೊಳ್ಳಬಹುದೇ? ಡಬ್ಬಿಯಲ್ಲಿ ಏನೇನಿದೆ ಎಂದು ಬರೆದಿಲ್ಲ. ಚಿನ್ನ, ಬೆಳ್ಳಿಗೆ ತಾಗಿಸಬಾರದು ಎಂದಷ್ಟೇ ಇದೆ.

ಉತ್ತರ (ಚರ್ಮವೈದ್ಯೆ, ಮಂಗಳೂರು): ಕೊಳ್ಳಬೇಡಿ, ಉಳಿದದ್ದನ್ನೂ ಹಚ್ಚಬೇಡಿ. ಮುಖಕ್ಕೆ ಹಚ್ಚುವ ಕ್ರೀಮಿಗೆ ಬಳೆ, ಸರದ ಭಯವೇಕೆ? ಪಾದರಸ ಚಿನ್ನದೊಡನೆ ಬೆರೆತು ಅದನ್ನು ಕೆಡಿಸುತ್ತದೆ. ಇಂಥ ಎಚ್ಚರಿಕೆ ಇದ್ದರೆ ಒಳಗೆ ಪಾದರಸವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಬಿಳುಪು ಬರುವುದು ಹಾಗೆ. ಆದರೆ ಚರ್ಮದಲ್ಲೇ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು ಸುದ್ದಿಯಾಗಿತ್ತು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಇಲ್ಲಿ ಮಾರುವ ವಿದೇಶಿ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಅತ್ತಿಗೆಯ ಸೂಟ್‌ಕೇಸಿಗೆ ಈ ತಪಾಸಣೆ ಎಲ್ಲಿಂದ ಬರಬೇಕು!

ಮರುಪ್ರಶ್ನೆ: ಅಮ್ಮನಿಗೆ ಈಚೆಗೆ ಕಾಲು ಊದುತ್ತಿದೆ. ವಯಸ್ಸಿನದ್ದು ಎಂದುಕೊಂಡಿದ್ದೆವು. ಕ್ರೀಮು ನಿಲ್ಲಿಸಿದರೆ ಮುಖ ಕಪ್ಪಾಗುವುದಿಲ್ಲವೇ?

ಉತ್ತರ: ಮುಖದ ಮಾತು ಆಮೇಲೆ. ನಾಳೆಯೇ ಅಮ್ಮನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಡಬ್ಬಿಯನ್ನೂ ಒಯ್ದು ತೋರಿಸಿ. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಇದು ತಿಳಿಸುತ್ತದೆ), ರಕ್ತದೊತ್ತಡ ನೋಡಿಸಬೇಕು. ಮೂತ್ರ ನೊರೆನೊರೆಯಾಗಿದೆಯೇ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬರುತ್ತದೆಯೇ ಎಂದು ಅವರನ್ನೇ ಕೇಳಿ. ಕಾಲು ಊದಲು ಬೇರೆ ಕಾರಣಗಳೂ ಇವೆ. ಆದರೂ ಈ ಡಬ್ಬಿ ಮನೆಯಲ್ಲಿರುವಾಗ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ನೀವೂ ಮೂತ್ರ ಪರೀಕ್ಷೆ ಮಾಡಿಸಿ. ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವ ಮಕ್ಕಳಿಗೂ ಪಾದರಸ ತಗಲಬಹುದು, ನಿಮ್ಮ ಟವೆಲನ್ನು ಬೇರೆ ಇಡಿ.

ಮುಖದ ಬಣ್ಣ ಹಿಂದಿನಂತಾಗುತ್ತದೆ, ಕೆಲವರಿಗೆ ಸ್ವಲ್ಪ ಹೆಚ್ಚು ಕಪ್ಪಾಗುವುದೂ ಉಂಟು. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು. ನಮ್ಮ ಸೆಕೆಗೆ ಜೆಲ್ ರೂಪದ್ದು ಒಳ್ಳೆಯದು, ಜಿಡ್ಡಾಗುವುದಿಲ್ಲ.

ಇನ್ನೊಬ್ಬರ ಪ್ರಶ್ನೆ (ಉಡುಪಿ): ಹಾಗಾದರೆ ಮೆಡಿಕಲ್ ಅಂಗಡಿಯಲ್ಲಿ ಕೊಡುವ ಟ್ಯೂಬ್ ಪರವಾಗಿಲ್ಲವೇ ಮೇಡಂ?

ಉತ್ತರ: ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಅದು ಚರ್ಮರೋಗದ ಔಷಧಿ. ಬಿಳುಪಿಗೆಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿಯುತ್ತದೆ, ಮೊಡವೆ ಏಳುತ್ತದೆ. ಬಹಳ ಕಾಲದಿಂದ ಹಚ್ಚುತ್ತಿದ್ದರೆ ಥಟ್ಟನೆ ನಿಲ್ಲಿಸಿದಾಗ ಮುಖ ಕೆಂಪೇರುತ್ತದೆ, ಆದ್ದರಿಂದ ಮೊದಲು ಚರ್ಮವೈದ್ಯರಿಗೆ ತೋರಿಸಿ.